ಕೆಂಪು ರಕ್ತಕಣದ ಆಯಸ್ಸು ಎಷ್ಟು? ಅದನ್ನು ಅಳೆಯುವುದು ಹೇಗೆ?

ಇಂದು ನಿಮ್ಮ ಮೈಯಲ್ಲಿ ಹರಿಯುತ್ತಿರುವ ಕೆಂಪು ರಕ್ತಕಣಗಳಲ್ಲಿ ಒಂದಾದರೂ ಕಳೆದ ವರ್ಷ ಇದೇ ದಿನ ಇರಲಿಲ್ಲ. ಆಗ ಇದ್ದ ಕಣಗಳೆಲ್ಲ ಸತ್ತು, ಅವುಗಳ ಜಾಗಕ್ಕೆ ಹೊಸವು ಬಂದು, ಅವೂ ಸತ್ತು, ಮತ್ತೆ ಹೊಸವು ಬಂದಿವೆ. ಆದರೂ ನಿಮಗೆ ಇದಾವುದೂ ಗೊತ್ತಾಗಲಿಲ್ಲ. ನೀವು ಎಂದಿನಂತೆ ಶಾಲೆಗೆ ಹೋದಿರಿ, ಆಡಿದಿರಿ, ಪರೀಕ್ಷೆ ಬರೆದಿರಿ. ಹುಟ್ಟು ಮತ್ತು ಸಾವು ಸರಿಸಮವಾಗಿ ನಡೆದಿದ್ದರಿಂದಲೇ ಅದು ನಿಮ್ಮ ಗಮನಕ್ಕೆ ಬರಲಿಲ್ಲ.

ಈ ಸಮತೋಲ ತಪ್ಪಿದಾಗ ಏನಾಗುತ್ತದೆ? ನಿಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳಿ. ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಪರೀಕ್ಷಿಸಿದಾಗ ಹೀಮೋಗ್ಲೋಬಿನ್ 8 ಗ್ರಾಂ ಮಾತ್ರ. ಕಬ್ಬಿಣದ ಮಾತ್ರೆ ಕೊಟ್ಟರು. ಮೂರು ತಿಂಗಳು ತಪ್ಪದೆ ನುಂಗಿದರೂ ಗುಣ ಕಾಣಲಿಲ್ಲ. ಜೊತೆಗೆ ಅವಳ ಕಣ್ಣಿನ ಬಿಳಿಭಾಗ ಆಗಾಗ ತುಸು ಹಳದಿಯಾಗುತ್ತದೆ. ಅವಳಿಗೆ ರಕ್ತ ಕಡಿಮೆ ಇದೆ, ಅದು ನಿಜ. ಆದರೆ ಅವಳ ದೇಹದಲ್ಲಿ ಕಣಗಳು ಸಾಕಷ್ಟು ತಯಾರಾಗುತ್ತಿಲ್ಲವೆ, ಅಥವಾ ತಯಾರಾದ ಕಣಗಳು ಬೇಗ ಸಾಯುತ್ತಿವೆಯೆ? ಹೊರಗೆ ಕಾಣುವ ಫಲ ಎರಡರಲ್ಲೂ ಒಂದೇ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ವಿಜ್ಞಾನಿಗಳು ಕಣದ ಆಯಸ್ಸನ್ನೇ ಅಳೆಯಬೇಕಾಯಿತು. ಅದನ್ನು ಹೇಗೆ ಸಾಧಿಸಿದರು ಎಂಬುದನ್ನು ನೋಡೋಣ.

ಮೊದಲು ಲೆಕ್ಕ

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಗುಂಡುಸೂಜಿಯ ತಲೆಯಷ್ಟು ಹನಿಯಲ್ಲಿ, ಸುಮಾರು 50 ಲಕ್ಷ ಕೆಂಪು ಕಣಗಳು. 5 ಲೀಟರ್ ಎಂದರೆ 50 ಲಕ್ಷ ಘನ ಮಿಲಿಮೀಟರ್. ಇವೆರಡನ್ನೂ ಗುಣಿಸಿದರೆ 25 ಲಕ್ಷ ಕೋಟಿ ಕಣಗಳಾಗುತ್ತವೆ. ಆರೋಗ್ಯವಂತರಲ್ಲಿ ಒಂದು ಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಒಟ್ಟು ಕಣಗಳಲ್ಲಿ 120ರಲ್ಲಿ ಒಂದು ಪಾಲು ಪ್ರತಿದಿನ ಸಾಯುತ್ತದೆ. ಭಾಗಿಸಿ ನೋಡಿ: ದಿನಕ್ಕೆ ಸುಮಾರು 20,000 ಕೋಟಿ, ಸೆಕೆಂಡಿಗೆ ಸುಮಾರು 24 ಲಕ್ಷ. ಅಷ್ಟೇ ಸಂಖ್ಯೆಯ ಹೊಸ ಕಣಗಳನ್ನು ನಿಮ್ಮ ಮೂಳೆಗಳ ಒಳಗಿರುವ ಅಸ್ಥಿಮಜ್ಜೆ ಪ್ರತಿ ಸೆಕೆಂಡಿಗೂ ರಕ್ತಕ್ಕೆ ಬಿಡಬೇಕು.

ಈ ಲೆಕ್ಕದಿಂದ ಒಂದು ಸರಳ ಸೂತ್ರ ಹೊರಡುತ್ತದೆ. ದಿನವೊಂದಕ್ಕೆ ಹುಟ್ಟುವ ಕಣಗಳ ಸಂಖ್ಯೆಯನ್ನು ಆಯಸ್ಸಿನ ದಿನಗಳಿಂದ ಗುಣಿಸಿದರೆ ರಕ್ತದಲ್ಲಿರುವ ಒಟ್ಟು ಕಣಗಳ ಸಂಖ್ಯೆ ಸಿಗುತ್ತದೆ. ಮನೆಯ ಆದಾಯ ವೆಚ್ಚದ ಹಾಗೆ ಇದೂ ಒಂದು ಜಮಾಖರ್ಚು. ಕೈಯಲ್ಲಿ ಹಣ ಉಳಿದಿಲ್ಲ ಎಂದಾಕ್ಷಣ ಸಂಬಳ ಕಡಿಮೆ ಎಂದು ಹೇಳಲಾಗದು. ಖರ್ಚು ಹೆಚ್ಚಾಗಿರಲೂಬಹುದು. ಹೀಮೋಗ್ಲೋಬಿನ್ ಪರೀಕ್ಷೆ ಕೈಯಲ್ಲಿ ಉಳಿದಿರುವುದನ್ನು ಮಾತ್ರ ತೋರಿಸುತ್ತದೆ. ಖರ್ಚಿನ ವೇಗ ತಿಳಿಯಬೇಕಾದರೆ ಆಯಸ್ಸು ತಿಳಿಯಬೇಕು.

ಕಣವೇಕೆ ಸಾಯುತ್ತದೆ?

ಕೆಂಪು ಕಣ ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೆ ನ್ಯೂಕ್ಲಿಯಸ್ ಇರುತ್ತದೆ. ರಕ್ತಕ್ಕೆ ಬರುವ ಮುನ್ನ ಅದನ್ನು ಹೊರದೂಡಿಬಿಡುತ್ತದೆ. ಹೀಮೋಗ್ಲೋಬಿನ್ ತುಂಬಲು ಇದರಿಂದ ಹೆಚ್ಚು ಜಾಗ ಸಿಕ್ಕಿತೇನೋ ಸರಿ. ಆದರೆ ನ್ಯೂಕ್ಲಿಯಸ್ ಇಲ್ಲದ ಮೇಲೆ ಸವೆದ ಭಾಗಕ್ಕೆ ಹೊಸ ಪ್ರೋಟೀನು ತಯಾರಿಸಿಕೊಳ್ಳುವ ಶಕ್ತಿ ಇಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಕೊನೆಯವರೆಗೂ ಬದುಕಬೇಕು. ದೇಹವನ್ನು ಒಂದು ಸುತ್ತು ಹಾಕಲು ಸುಮಾರು ಒಂದು ನಿಮಿಷ ಎಂದರೆ, 120 ದಿನಗಳಲ್ಲಿ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಸುತ್ತು! ತನ್ನ ಅಗಲಕ್ಕಿಂತ ಕಿರಿದಾದ ಸೂಕ್ಷ್ಮ ರಕ್ತನಾಳಗಳಲ್ಲಿ ಅದು ಮೈ ಮಡಿಚಿಕೊಂಡು ನುಸುಳಬೇಕು. ದಿನ ಕಳೆದಂತೆ ಅದರ ಕಿಣ್ವಗಳು ಸೊರಗುತ್ತವೆ, ಹೊರಪೊರೆ ಬಿರುಸಾಗುತ್ತದೆ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಭಕ್ಷಕ ಕಣಗಳಿವೆ. ಅವು ಮುದಿಯಾದ ಕಣಗಳನ್ನು ಗುರುತಿಸಿ ನುಂಗುತ್ತವೆ.

ನುಂಗಿದ ಕಣದಲ್ಲಿನ ಕಬ್ಬಿಣ ವ್ಯರ್ಥವಾಗುವುದಿಲ್ಲ. ದಿನಕ್ಕೆ ಸುಮಾರು 20 ಮಿಲಿಗ್ರಾಂ ಕಬ್ಬಿಣ ಹೀಗೆ ಮರಳಿ ಮಜ್ಜೆಗೆ ಹೋಗುತ್ತದೆ. ಊಟದಿಂದ ನಾವು ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಹೀಮೋಗ್ಲೋಬಿನ್ನಿನ ಬಣ್ಣದ ಭಾಗವಾದ ಹೀಮ್ ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಕಣಗಳು ಮಿತಿಮೀರಿ ನಾಶವಾದಾಗ ಕಣ್ಣು ಹಳದಿಯಾಗುವುದು ಇದರಿಂದಲೇ. ಮೇಲೆ ಹೇಳಿದ ಹುಡುಗಿಯ ಕಣ್ಣನ್ನು ನೆನಪಿನಲ್ಲಿಡಿ.

ಗುರುತು ಹಾಕದೆ ಎಣಿಸಲಾಗದು

ಈಗ ಅಳತೆಯ ಸಮಸ್ಯೆಗೆ ಬರೋಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿನ್ನೆ ಮೊನ್ನೆ ಹುಟ್ಟಿದ ಕಣವನ್ನು ಬಿಟ್ಟರೆ ಉಳಿದ ಎಲ್ಲ ಕಣಗಳೂ ಒಂದೇ ತರಹ. 20 ದಿನದ್ದು ಯಾವುದು, 100 ದಿನದ್ದು ಯಾವುದು ಎಂದು ಹೇಳಲಾಗದು. ಆದ್ದರಿಂದ ಕೆಲವು ಕಣಗಳಿಗೆ ಗುರುತು ಹಾಕಿ, ಆ ಗುರುತು ರಕ್ತದಿಂದ ಎಷ್ಟು ದಿನಕ್ಕೆ ಮಾಯವಾಗುತ್ತದೆ ಎಂದು ನೋಡಬೇಕು.

ಒಳ್ಳೆಯ ಗುರುತಿಗೆ ಮೂರು ಲಕ್ಷಣಗಳಿರಬೇಕು. ಅದು ಕಣಕ್ಕೆ ಹಾನಿ ಮಾಡಬಾರದು. ಕಣ ಬದುಕಿರುವವರೆಗೆ ಕಳಚಿಕೊಳ್ಳಬಾರದು. ಕಣ ಸತ್ತ ಮೇಲೆ ಇನ್ನೊಂದು ಕಣಕ್ಕೆ ಅಂಟಿಕೊಳ್ಳಬಾರದು. ವಿಕಿರಣಶೀಲ ಕಬ್ಬಿಣವನ್ನು ಗುರುತಾಗಿ ಬಳಸಿದರೆ ಮೂರನೆಯ ನಿಯಮ ಮುರಿಯುತ್ತದೆ. ಸತ್ತ ಕಣದ ಕಬ್ಬಿಣ ಹೊಸ ಕಣಕ್ಕೆ ಸೇರುತ್ತದೆ ಎಂದು ಈಗಷ್ಟೇ ಓದಿದಿರಲ್ಲವೆ? ಮೂರೂ ಲಕ್ಷಣಗಳು ಪೂರ್ಣವಾಗಿ ಇರುವ ಗುರುತು ಸಿಗುವುದು ಕಷ್ಟ. ಈ ವಿಷಯದ ಇತಿಹಾಸವೆಂದರೆ ಒಂದಕ್ಕಿಂತ ಒಂದು ಉತ್ತಮ ಗುರುತನ್ನು ಹುಡುಕಿದ ಇತಿಹಾಸವೇ.

ಆಶ್ಬಿ ಅವರ ಉಪಾಯ

ಮೊದಲ ನಂಬಲರ್ಹ ಉಪಾಯ ಹೊಳೆದದ್ದು ವಿನಿಫ್ರೆಡ್ ಆಶ್ಬಿ ಎಂಬ ಮಹಿಳೆಗೆ. ಲಂಡನ್ನಿನಲ್ಲಿ ಹುಟ್ಟಿದ ಇವರು ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ, ಮೇಯೋ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ 1901ರಲ್ಲಿ ಪ್ರಕಟಿಸಿದ್ದರು. ಆ ಗುಂಪುಗಳನ್ನೇ ಗುರುತಾಗಿ ಏಕೆ ಬಳಸಬಾರದು ಎಂಬುದು ಆಶ್ಬಿ ಅವರ ಆಲೋಚನೆ.

‘ಎ’ ಗುಂಪಿನ ರೋಗಿಗೆ ‘ಒ’ ಗುಂಪಿನ ರಕ್ತ ಕೊಟ್ಟರೆಂದುಕೊಳ್ಳಿ. ಈಗ ರೋಗಿಯ ಮೈಯಲ್ಲಿ ಎರಡೂ ಬಗೆಯ ಕಣಗಳಿವೆ. ಕೆಲವು ದಿನ ಬಿಟ್ಟು ಅವನ ರಕ್ತದ ಒಂದು ಹನಿ ತೆಗೆದು, ‘ಎ’ ಕಣಗಳನ್ನು ಗಂಟುಗಟ್ಟಿಸುವ ಸೀರಂ ಬೆರೆಸಬೇಕು. ರೋಗಿಯ ಸ್ವಂತ ಕಣಗಳು ಗಂಟುಗಂಟಾಗುತ್ತವೆ. ದಾನಿಯ ‘ಒ’ ಕಣಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಅವುಗಳನ್ನು ಎಣಿಸಿದರೆ ದಾನಿಯ ಕಣಗಳು ಇನ್ನೆಷ್ಟು ಬದುಕಿವೆ ಎಂಬುದು ತಿಳಿಯುತ್ತದೆ. ಹೊರಗಿನಿಂದ ಯಾವ ರಾಸಾಯನಿಕವನ್ನೂ ಮೈಗೆ ಸೇರಿಸಬೇಕಿಲ್ಲ. ಕಣ ಹುಟ್ಟುವಾಗಲೇ ತಂದ ಗುರುತನ್ನು ಓದಿದರೆ ಸಾಕು.

ಆಶ್ಬಿ ಇದನ್ನು 1919ರಲ್ಲಿ ಪ್ರಕಟಿಸಿದರು. ಕೊಟ್ಟ ರಕ್ತದ ಕಣಗಳು ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿಯುತ್ತವೆ ಎಂದು ಅದರಲ್ಲಿ ತೋರಿಸಿದರು. ಮುಂದಿನ ಅಧ್ಯಯನಗಳಲ್ಲಿ ಈ ಅವಧಿ ಇನ್ನೂ ದೀರ್ಘವೆಂದು ಕಂಡಿತು. ಕಣದ ಆಯಸ್ಸು ಕೆಲವೇ ವಾರ ಎಂದು ನಂಬಿದ್ದ ಹಲವರು ಇದನ್ನು ಬಹುಕಾಲ ಸಂಶಯದಿಂದ ನೋಡಿದರು. ಕೊನೆಗೆ ಆಶ್ಬಿ ಅವರ ಮಾತೇ ನಿಂತಿತು. ಆದರೂ ಈ ವಿಧಾನಕ್ಕೆ ಒಂದು ಮಿತಿಯಿತ್ತು. ಅಳೆದದ್ದು ದಾನಿಯ ಕಣವನ್ನು ಮಾತ್ರ. ರೋಗಿಯ ಸ್ವಂತ ಕಣ ಅವನದೇ ಮೈಯಲ್ಲಿ ಎಷ್ಟು ದಿನ ಬದುಕುತ್ತದೆ ಎಂದು ಹೇಳಲಾಗುತ್ತಿರಲಿಲ್ಲ.

ತಮ್ಮ ಮೇಲೆಯೇ ಪ್ರಯೋಗ

ಈ ಮಿತಿಯನ್ನು ದಾಟಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಶೆಮಿನ್ ಮತ್ತು ಡೇವಿಡ್ ರಿಟ್ಟನ್‌ಬರ್ಗ್. ಸಾಮಾನ್ಯ ಸಾರಜನಕದ ಪರಮಾಣು ತೂಕ 14. ಅದರಲ್ಲಿ ತೀರ ಅಲ್ಪ ಭಾಗ ತೂಕ 15 ಇರುವ ಸಮಸ್ಥಾನಿ. ಇದು ವಿಕಿರಣ ಸೂಸುವುದಿಲ್ಲ, ಸ್ವಲ್ಪ ಭಾರ ಹೆಚ್ಚು ಅಷ್ಟೆ. ಭಾರದ ಈ ಸಾರಜನಕ ಸೇರಿಸಿ ತಯಾರಿಸಿದ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಶೆಮಿನ್ ಮೂರು ದಿನಗಳಲ್ಲಿ 66 ಗ್ರಾಂ ಸೇವಿಸಿದರು. ಪ್ರಯೋಗಕ್ಕೆ ಒಳಗಾದವರು ಸ್ವತಃ ಅವರೇ! ನಂತರ ತಿಂಗಳುಗಟ್ಟಲೆ ತಮ್ಮ ರಕ್ತ ತೆಗೆಸಿ, ಹೀಮ್ ಬೇರ್ಪಡಿಸಿ, ಅದರಲ್ಲಿ ಭಾರದ ಸಾರಜನಕ ಎಷ್ಟಿದೆ ಎಂದು ಅಳೆದರು.

ಫಲಿತಾಂಶ ಹೀಗಿತ್ತು. ಮೊದಲ ಮೂರೂವರೆ ವಾರ ಗುರುತು ಏರುತ್ತ ಹೋಯಿತು. ಅನಂತರ ಬಹಳ ದಿನ ಹೆಚ್ಚು ಕಡಿಮೆ ಸಮತಟ್ಟಾಗಿ ನಿಂತಿತು. ಆಮೇಲೆ ಸ್ಪಷ್ಟವಾಗಿ ಇಳಿಯತೊಡಗಿತು. ಇದರ ಅರ್ಥವೇನು? ಆ ಕೆಲವು ದಿನಗಳಲ್ಲಿ ಹುಟ್ಟಿದ ಕಣಗಳೆಲ್ಲ ಗುರುತು ಹೊತ್ತವು, ಒಟ್ಟಿಗೆ ಬದುಕಿದವು, ವಯಸ್ಸಾದ ಮೇಲೆ ಒಟ್ಟಿಗೆ ಹೋದವು. ಇದರಿಂದ ಸಿಕ್ಕ ಸರಾಸರಿ ಆಯಸ್ಸು 127 ದಿನ. ವರದಿ ಪ್ರಕಟವಾದದ್ದು 1946ರಲ್ಲಿ. ಹೀಮ್ ಕಟ್ಟಲು ದೇಹ ಗ್ಲೈಸಿನನ್ನು ಬಳಸುತ್ತದೆ ಎಂಬುದೂ ಇದೇ ಕೆಲಸದಿಂದ ಖಚಿತವಾಯಿತು.

ಎರಡು ಬಗೆಯ ಗುರುತು, ಎರಡು ಬಗೆಯ ಸಾವು

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಆಶ್ಬಿ ಮತ್ತು ಶೆಮಿನ್ ಹಾಕಿದ ಗುರುತುಗಳು ಒಂದೇ ಬಗೆಯವಲ್ಲ. ಮೂರು ವರ್ಷದ ಪದವಿ ಕಾಲೇಜೊಂದನ್ನು ತೆಗೆದುಕೊಳ್ಳಿ. ಈ ವರ್ಷ ಸೇರಿದ ಮೊದಲ ವರ್ಷದವರಿಗೆ ಮಾತ್ರ ನೀವು ಬ್ಯಾಡ್ಜ್ ಹಚ್ಚಿದರೆ, ಮೂರು ವರ್ಷ ಒಂದೂ ಬ್ಯಾಡ್ಜ್ ಹೊರಗೆ ಹೋಗದು. ಆಮೇಲೆ ಎಲ್ಲವೂ ಒಮ್ಮೆಗೇ ಹೋಗುತ್ತವೆ. ಇದು ಶೆಮಿನ್ ಅವರ ವಿಧಾನ. ಬದಲಿಗೆ ಇಂದು ಕಾಲೇಜಿನಲ್ಲಿರುವ ಎಲ್ಲರಿಗೂ ಬ್ಯಾಡ್ಜ್ ಹಚ್ಚಿದರೆ, ವರ್ಷಕ್ಕೆ ಮೂರನೇ ಒಂದು ಭಾಗದಂತೆ ಬ್ಯಾಡ್ಜುಗಳು ಕಡಿಮೆಯಾಗುತ್ತ ಹೋಗುತ್ತವೆ. ಇದು ಆಶ್ಬಿ ಅವರ ವಿಧಾನ. ದಾನಿಯ ರಕ್ತದಲ್ಲಿ ಎಲ್ಲ ವಯಸ್ಸಿನ ಕಣಗಳೂ ಇರುತ್ತವೆ. ಆದ್ದರಿಂದ 30 ದಿನಕ್ಕೆ ಮುಕ್ಕಾಲು ಪಾಲು, 60 ದಿನಕ್ಕೆ ಅರ್ಧ, 90 ದಿನಕ್ಕೆ ಕಾಲು ಪಾಲು ಉಳಿದು, 120 ದಿನಕ್ಕೆ ಸೊನ್ನೆಯಾಗುತ್ತದೆ. ನಕ್ಷೆ ಬರೆದರೆ ಸರಳರೇಖೆ.

ಆದರೆ ಎಲ್ಲ ಸಾವೂ ಮುಪ್ಪಿನಿಂದಲೇ ಬರುವುದಿಲ್ಲ. ಹೋಟೆಲಿನಲ್ಲಿ ಕಾಫಿ ಕುಡಿಯುವ ಗಾಜಿನ ಲೋಟಗಳನ್ನು ನೋಡಿ. ಹಳೆಯದೇ ಒಡೆಯಬೇಕೆಂಬ ನಿಯಮವಿಲ್ಲ. ಕೈಜಾರಿದರೆ ನಿನ್ನೆ ಕೊಂಡದ್ದೂ ಒಡೆಯುತ್ತದೆ. ದಿನಕ್ಕೆ ಹತ್ತರಲ್ಲಿ ಒಂದು ಒಡೆದರೆ ನೂರು ಲೋಟ ಮರುದಿನ 90, ಆಮೇಲೆ 81, ಆಮೇಲೆ 73 ಹೀಗೆ ಇಳಿಯುತ್ತದೆ. ನಕ್ಷೆಯಲ್ಲಿ ಇದು ಸರಳರೇಖೆಯಲ್ಲ, ಬಾಗಿದ ರೇಖೆ. ಮುಪ್ಪಿನ ಸಾವೋ ಆಕಸ್ಮಿಕ ಸಾವೋ ಎಂಬುದನ್ನು ರೇಖೆಯ ಆಕಾರವೇ ಹೇಳಿಬಿಡುತ್ತದೆ. ಆರೋಗ್ಯವಂತರಲ್ಲಿ ಬಹುಪಾಲು ಕಣಗಳು ಮುಪ್ಪಿನಿಂದ ಸಾಯುತ್ತವೆ. ಕೊಲಂಬಿಯಾದ ತಂಡ ಸಿಕಲ್ ಸೆಲ್ ರೋಗಿಗೂ ಇದೇ ಗ್ಲೈಸಿನ್ ಕೊಟ್ಟು ನೋಡಿದಾಗ, ಅಲ್ಲಿ ಕಣಗಳು ವಯಸ್ಸಿನ ಭೇದವಿಲ್ಲದೆ ನಾಶವಾಗುತ್ತಿದ್ದುದು ಕಂಡಿತು.

ಕ್ರೋಮಿಯಂ ಬಂತು

ಭಾರದ ಸಾರಜನಕ ದುಬಾರಿ. ಅದನ್ನು ಅಳೆಯುವ ಯಂತ್ರ ಎಲ್ಲ ಆಸ್ಪತ್ರೆಗಳಲ್ಲೂ ಇರಲಿಲ್ಲ. 1950ರಲ್ಲಿ ಅಮೆರಿಕದ ಸೀಮೋರ್ ಗ್ರೇ ಮತ್ತು ಕೆನೆತ್ ಸ್ಟರ್ಲಿಂಗ್ ಸುಲಭ ಮಾರ್ಗವೊಂದನ್ನು ತೋರಿಸಿದರು. ರೋಗಿಯ ಸ್ವಲ್ಪ ರಕ್ತ ತೆಗೆದು, ವಿಕಿರಣಶೀಲ ಕ್ರೋಮಿಯಂ-51 ಇರುವ ಕ್ರೋಮೇಟ್ ದ್ರಾವಣ ಬೆರೆಸಿದರೆ, ಅದು ಕಣದ ಒಳಹೊಕ್ಕು ಹೀಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆ ರಕ್ತವನ್ನು ಮತ್ತೆ ರೋಗಿಗೇ ಕೊಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ರಕ್ತ ತೆಗೆದು, ಅದರಿಂದ ಹೊರಡುವ ಗಾಮಾ ಕಿರಣಗಳನ್ನು ಎಣಿಸುತ್ತಾರೆ. ಕಣ ಸತ್ತಾಗ ಬಿಡುಗಡೆಯಾಗುವ ಕ್ರೋಮಿಯಂ ರೂಪ ಬದಲಿಸಿಕೊಂಡಿರುತ್ತದೆ. ಅದು ಬೇರೆ ಕಣದೊಳಗೆ ಹೋಗಲಾರದು. ಹೀಗೆ ಮೂರನೆಯ ನಿಯಮ ಪಾಲನೆಯಾಯಿತು.

ಎರಡನೆಯ ನಿಯಮ ಮಾತ್ರ ಪೂರ್ತಿ ಪಾಲನೆಯಾಗಲಿಲ್ಲ. ಬದುಕಿರುವ ಕಣದಿಂದಲೂ ಕ್ರೋಮಿಯಂ ದಿನಕ್ಕೆ ಸುಮಾರು ನೂರಕ್ಕೆ ಒಂದರಂತೆ ಸೋರುತ್ತದೆ. ಜೊತೆಗೆ ಕ್ರೋಮಿಯಂ-51 ತಾನೇ 27.7 ದಿನಕ್ಕೆ ಅರ್ಧದಷ್ಟು ಕ್ಷಯಿಸುತ್ತದೆ. ಕ್ಷಯವನ್ನು ಲೆಕ್ಕದಲ್ಲಿ ಸರಿಪಡಿಸಿದ ಮೇಲೂ, ಸೋರಿಕೆಯ ಕಾರಣದಿಂದ, ಆರೋಗ್ಯವಂತರಲ್ಲಿ ಗುರುತು ಅರ್ಧಕ್ಕೆ ಇಳಿಯುವುದು 25ರಿಂದ 35 ದಿನಗಳಲ್ಲಿ. ಸಾವಿನಿಂದ ಮಾತ್ರವೇ ಆಗಿದ್ದರೆ 60 ದಿನ ಬೇಕಿತ್ತು. ಆದ್ದರಿಂದ ಕ್ರೋಮಿಯಂ ಪರೀಕ್ಷೆಯಲ್ಲಿ 30 ದಿನ ಎಂದು ಬಂದರೆ ಅದನ್ನೇ ಆಯಸ್ಸೆಂದು ತಿಳಿಯಬಾರದು. ಅದು ಆರೋಗ್ಯದ ಲಕ್ಷಣ. 10 ದಿನಕ್ಕೇ ಅರ್ಧವಾದರೆ ಮಾತ್ರ ಕಣಗಳು ಬೇಗ ಸಾಯುತ್ತಿವೆ ಎಂದರ್ಥ.

ಈ ವಿಧಾನದಿಂದ ಇನ್ನೊಂದು ಲಾಭವಾಯಿತು. ಗಾಮಾ ಕಿರಣ ಚರ್ಮ ದಾಟಿ ಹೊರಬರುವುದರಿಂದ ಗುಲ್ಮದ ಮೇಲೆ, ಪಿತ್ತಜನಕಾಂಗದ ಮೇಲೆ ಯಂತ್ರವಿಟ್ಟು ಕಣಗಳು ಎಲ್ಲಿ ನಾಶವಾಗುತ್ತಿವೆ ಎಂದೂ ನೋಡಬಹುದಾಯಿತು. ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆದರೆ ಪ್ರಯೋಜನವಾಗುವುದೇ ಎಂದು ವೈದ್ಯರು ಮುಂಚಿತವಾಗಿ ಅಂದಾಜು ಮಾಡಲು ಇದು ನೆರವಾಯಿತು.

ದೋಷ ಕಣದಲ್ಲೋ, ಮೈಯಲ್ಲೋ?

ಕಣ ಬೇಗ ಸಾಯುತ್ತಿದೆ ಎಂದು ತಿಳಿದ ಮೇಲೆ ಮುಂದಿನ ಪ್ರಶ್ನೆ: ಕಣವೇ ದುರ್ಬಲವೆ, ಅಥವಾ ಅದು ಹರಿಯುವ ಮೈಯಲ್ಲಿ ಕೊಲ್ಲುವಂಥದ್ದೇನಾದರೂ ಇದೆಯೆ? ಇಂಗ್ಲೆಂಡಿನ ಡೇಸಿ ಮತ್ತು ಮಾಲಿಸನ್ 1943ರಲ್ಲಿ ಆಶ್ಬಿ ವಿಧಾನದಿಂದ ಇದಕ್ಕೆ ಉತ್ತರ ಕಂಡರು. ವಂಶಪಾರಂಪರ್ಯವಾಗಿ ಬರುವ ಒಂದು ರೋಗದಲ್ಲಿ ಕಣಗಳು ತಟ್ಟೆಯಂತಿರದೆ ಗುಂಡಗಿದ್ದು ಬೇಗ ನಾಶವಾಗುತ್ತವೆ. ಇಂಥ ರೋಗಿಗಳಿಗೆ ಆರೋಗ್ಯವಂತರ ರಕ್ತ ಕೊಟ್ಟಾಗ ಆ ಕಣಗಳು ಪೂರ್ಣಾಯಸ್ಸು ಬದುಕಿದವು. ಅಂದರೆ ಮೈಯಲ್ಲಿ ದೋಷವಿಲ್ಲ, ಕಣದಲ್ಲಿದೆ. ಇನ್ನು ಕೆಲವು ರೋಗಗಳಲ್ಲಿ ದೇಹ ತನ್ನ ಕಣಗಳ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಲ್ಲಿ ದಾನಿಯ ಒಳ್ಳೆಯ ಕಣಗಳೂ ಬೇಗ ಸಾಯುತ್ತವೆ. ದೋಷ ಮೈಯಲ್ಲಿ. ಮೊದಲನೆಯದರಲ್ಲಿ ಗುಲ್ಮ ತೆಗೆದರೆ ಕಣಗಳ ಆಯಸ್ಸು ಬಹಳಮಟ್ಟಿಗೆ ಸರಿಹೋಗುತ್ತದೆ. ಎರಡನೆಯದಕ್ಕೆ ಪ್ರತಿಕಾಯಗಳನ್ನು ಹತೋಟಿಗೆ ತರುವ ಔಷಧಿ ಮೊದಲು ಬೇಕು.

ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯಿಂದ ಕೆಲವರಲ್ಲಿ ಮಾತ್ರ ರಕ್ತಕಣಗಳು ಒಡೆಯುತ್ತಿದ್ದವು. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೆರೆಮನೆಯೊಂದರಲ್ಲಿ, ಸ್ವಇಚ್ಛೆಯಿಂದ ಒಪ್ಪಿದರೆಂದು ದಾಖಲಾದ ಕೈದಿಗಳ ಮೇಲೆ, ಇದರ ಅಧ್ಯಯನ ನಡೆಯಿತು. ಸೆರೆಯಲ್ಲಿರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆ ಮುಂದೆ ಎದ್ದಿತು. ಅಂಥ ಪ್ರಯೋಗಗಳಿಗೆ ಇಂದು ಕಟ್ಟುನಿಟ್ಟಾದ ನಿರ್ಬಂಧಗಳಿವೆ. ಅಲ್ಲಿ ಕಂಡದ್ದೇನೆಂದರೆ, ಕ್ರೋಮಿಯಂ ಗುರುತು ಹಾಕಿದ ರೋಗಿಯ ಕಣಗಳನ್ನು ಬೇರೆಯವರ ಮೈಗೆ ಸೇರಿಸಿ ಮಾತ್ರೆ ಕೊಟ್ಟರೂ ಅವೇ ಕಣಗಳು ಒಡೆದವು. ದೋಷ ಕಣದ್ದೇ. 1956ರಲ್ಲಿ ಅದರ ಮೂಲ ಸಿಕ್ಕಿತು: ಕಣದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಪ್ರಿಮಾಕ್ವಿನ್ ಕೊಡುವ ಮುನ್ನ ಈ ಕಿಣ್ವದ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಇಂದು ವೈದ್ಯರು ಹೇಳುವುದು ಇದರಿಂದಲೇ.

ಮಜ್ಜೆಯ ದುಡಿಮೆಗೂ ಮಿತಿಯಿದೆ

ಆಯಸ್ಸು ಅರ್ಧಕ್ಕೆ ಇಳಿದರೆ ರಕ್ತವೂ ಅರ್ಧವಾಗುತ್ತದೆಯೆ? ಇಲ್ಲ. ಅಸ್ಥಿಮಜ್ಜೆ ಅಗತ್ಯ ಬಿದ್ದರೆ ಎಂದಿಗಿಂತ 6ರಿಂದ 8 ಪಟ್ಟು ದುಡಿಯಬಲ್ಲದು. ಆಯಸ್ಸು 60 ದಿನಕ್ಕೆ ಇಳಿದರೆ ಉತ್ಪಾದನೆ ಎರಡು ಪಟ್ಟು, 30ಕ್ಕೆ ಇಳಿದರೆ ನಾಲ್ಕು ಪಟ್ಟು. ಹೀಮೋಗ್ಲೋಬಿನ್ ಸರಿಯಾಗಿಯೇ ಇರಬಹುದು. ರೋಗವಿದ್ದರೂ ರಕ್ತಹೀನತೆ ಕಾಣದು. ಆಯಸ್ಸು 15–20 ದಿನಕ್ಕಿಂತ ಕೆಳಗಿಳಿದಾಗ ಮಜ್ಜೆ ಸೋಲುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಕಣದ ಆಯಸ್ಸು ಸಾಮಾನ್ಯವಾಗಿ 10ರಿಂದ 20 ದಿನ. ಆ ರೋಗಿಗಳಿಗೆ ರಕ್ತಹೀನತೆ ತಪ್ಪದಿರುವುದು ಏಕೆಂದು ನೀವೇ ಈಗ ಲೆಕ್ಕ ಹಾಕಬಹುದು.

ಇಂಥವರ ಮಜ್ಜೆಗೆ ದುಡಿಯಲು ಪೋಲಿಕ್ ಆಮ್ಲ ಹೆಚ್ಚು ಬೇಕು. ಸೋಂಕು ತಗುಲಿ ಮಜ್ಜೆ ಕೆಲವು ದಿನ ಕೆಲಸ ನಿಲ್ಲಿಸಿದರೆ ರಕ್ತ ಬಹು ಬೇಗ ಕುಸಿಯುತ್ತದೆ. ಆರೋಗ್ಯವಂತರಲ್ಲಿ ಮಜ್ಜೆ 10 ದಿನ ನಿಂತರೂ ನೂರಕ್ಕೆ ಎಂಟರಷ್ಟೇ ಕಣಗಳು ಕಡಿಮೆಯಾಗುತ್ತವೆ. ಆಯಸ್ಸು 15 ದಿನವಿರುವವರಲ್ಲಿ ಅದೇ 10 ದಿನ ಪ್ರಾಣಾಪಾಯ ತರಬಲ್ಲದು.

ದಾನದ ರಕ್ತ, ಸಕ್ಕರೆಯ ಪರೀಕ್ಷೆ

ಈ ಅಳತೆಯ ಉಪಯೋಗ ರೋಗಿಗಳಿಗಷ್ಟೇ ಅಲ್ಲ. ರಕ್ತನಿಧಿಯ ಚೀಲದ ಮೇಲೆ ಕೊನೆಯ ದಿನಾಂಕ ಬರೆದಿರುವುದನ್ನು ನೀವು ನೋಡಿರಬಹುದು. ನಮ್ಮಲ್ಲಿ ಬಳಸುವ ಸಾಮಾನ್ಯ ದ್ರಾವಣವೊಂದರಲ್ಲಿ ರಕ್ತವನ್ನು 35 ದಿನ ಇಡಬಹುದು. ಇನ್ನೊಂದರಲ್ಲಿ 42 ದಿನ. ಈ ಅಂಕಿಗಳು ಎಲ್ಲಿಂದ ಬಂದವು? ಶೇಖರಿಸಿದ ಕಣಗಳಿಗೆ ಗುರುತು ಹಾಕಿ ಮೈಗೆ ಕೊಟ್ಟು, 24 ಗಂಟೆಯ ನಂತರ ಸರಾಸರಿ ನೂರಕ್ಕೆ 75ರಷ್ಟಾದರೂ ಬದುಕಿರಬೇಕು ಎಂಬುದು ಮಾನದಂಡ. ಅದಕ್ಕಿಂತ ಕಡಿಮೆಯಾಗುವಷ್ಟು ಹಳೆಯ ರಕ್ತ ರೋಗಿಗೆ ಪ್ರಯೋಜನಕ್ಕಿಂತ ಹೊರೆಯಾಗುತ್ತದೆ.

ಮಧುಮೇಹಿಗಳ ಎಚ್‌ಬಿಎ1ಸಿ ಪರೀಕ್ಷೆಯ ಹೆಸರನ್ನು ಮನೆಯಲ್ಲಿ ಕೇಳಿರುತ್ತೀರಿ. ಹೀಮೋಗ್ಲೋಬಿನ್ನಿಗೆ ಸಕ್ಕರೆ ನಿಧಾನವಾಗಿ ಅಂಟುತ್ತದೆ. ಕಣ ಹೆಚ್ಚು ದಿನ ಬದುಕಿದಷ್ಟೂ ಹೆಚ್ಚು ಸಕ್ಕರೆ ಅಂಟಿರುತ್ತದೆ. ಕಣದ ಆಯಸ್ಸು ಕಡಿಮೆ ಇದ್ದವರಲ್ಲಿ ಸಕ್ಕರೆ ಅಂಟಲು ಸಮಯವೇ ಸಿಗದು. ಅವರ ಸಕ್ಕರೆ ಹೆಚ್ಚಿದ್ದರೂ ಪರೀಕ್ಷೆ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತದೆ. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದ ಕಾಯಿಲೆಯಿಲ್ಲದವರಲ್ಲೂ ಕಣಗಳ ಸರಾಸರಿ ವಯಸ್ಸು ವ್ಯಕ್ತಿಯಿಂದ ವ್ಯಕ್ತಿಗೆ ಸುಮಾರು 40ರಿಂದ 60 ದಿನದವರೆಗೆ ವ್ಯತ್ಯಾಸವಾಗುವುದು ಕಂಡಿತು. ಎಲ್ಲರ ಕಣಕ್ಕೂ 120 ದಿನವೆಂಬುದು ಸರಾಸರಿ ಮಾತು, ಕಲ್ಲಿನಲ್ಲಿ ಕೊರೆದ ನಿಯಮವಲ್ಲ.

ವಿಕಿರಣವಿಲ್ಲದ ವಿಧಾನಗಳು

ಮೇಲಿನ ಅಧ್ಯಯನದಲ್ಲಿ ಬಳಸಿದ ಗುರುತು ಬಯೋಟಿನ್ ಎಂಬ ವಿಟಮಿನ್. ಕಣದ ಹೊರಪೊರೆಗೆ ಅದನ್ನು ಅಂಟಿಸಿ ಮೈಗೆ ಮರಳಿಸುತ್ತಾರೆ. ಮುಂದೆ ತೆಗೆದ ರಕ್ತಕ್ಕೆ, ಬಯೋಟಿನ್ನಿಗೆ ಬಿಗಿಯಾಗಿ ಅಂಟುವ ಹೊಳೆಯುವ ವಸ್ತುವನ್ನು ಸೇರಿಸಿ, ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಎಣಿಸುತ್ತಾರೆ. ವಿಕಿರಣವಿಲ್ಲ, ಸೋರಿಕೆ ಅತ್ಯಲ್ಪ. ಗರ್ಭಿಣಿಯರು ಮತ್ತು ಶಿಶುಗಳ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಕೆಲವರಲ್ಲಿ ಮಾತ್ರ ಈ ಕಣಗಳ ವಿರುದ್ಧ ಪ್ರತಿಕಾಯ ಹುಟ್ಟುವುದುಂಟು.

ಇನ್ನೊಂದು ವಿಧಾನಕ್ಕೆ ಉಸಿರು ಸಾಕು! ಒಂದು ಹೀಮ್ ಒಡೆದಾಗ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಹುಟ್ಟುತ್ತದೆ. ಮನುಷ್ಯನ ದೇಹ ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂದು ಸ್ವೀಡನ್ನಿನ ಶೋಸ್ಟ್ರಾಂಡ್ 1949ರ ಸುಮಾರಿಗೆ ತೋರಿಸಿದ್ದರು. ಇದರ ಹೆಚ್ಚಿನ ಭಾಗ ಬರುವುದು ಸಾಯುವ ಕೆಂಪು ಕಣಗಳಿಂದ. ಉಸಿರಿನಲ್ಲಿ ಹೊರಬರುವ ಈ ಅನಿಲವನ್ನು ಅಳೆದರೆ ದಿನಕ್ಕೆ ಎಷ್ಟು ಹೀಮೋಗ್ಲೋಬಿನ್ ನಾಶವಾಗುತ್ತಿದೆ ಎಂದು ಲೆಕ್ಕ ಹಾಕಬಹುದು. ದೇಹದಲ್ಲಿ 750 ಗ್ರಾಂ ಹೀಮೋಗ್ಲೋಬಿನ್ ಇದ್ದು, ದಿನಕ್ಕೆ 6.25 ಗ್ರಾಂ ನಾಶವಾದರೆ, ಭಾಗಿಸಿ ನೋಡಿ: 120 ದಿನ. ವಾರಗಟ್ಟಲೆ ಕಾಯುವ ಬದಲು ಒಂದೇ ದಿನದಲ್ಲಿ ಉತ್ತರ. ಬೀಡಿ ಸಿಗರೇಟು ಸೇದುವವರಲ್ಲಿ ಮಾತ್ರ ಹೊರಗಿನ ಅನಿಲ ಬೆರೆತು ಲೆಕ್ಕ ಕೆಡುತ್ತದೆ.

ನಮ್ಮ ಊರಿನ ಆಸ್ಪತ್ರೆಯಲ್ಲಿ?

ಲೇಸರ್ ಯಂತ್ರವೂ ಇಲ್ಲ, ಉಸಿರಿನ ಯಂತ್ರವೂ ಇಲ್ಲ ಎನ್ನುವ ಕಡೆ ಏನು ಮಾಡಬೇಕು? ನಿರಾಶರಾಗಬೇಡಿ. ಹೊಸದಾಗಿ ರಕ್ತಕ್ಕೆ ಬಂದ ಎಳೆಯ ಕಣವನ್ನು ರೆಟಿಕ್ಯುಲೊಸೈಟ್ ಎನ್ನುತ್ತಾರೆ. ಒಂದು ನೀಲಿ ಬಣ್ಣ ಹಾಕಿದರೆ ಅದರೊಳಗೆ ಬಲೆಯಂಥ ಎಳೆಗಳು ಕಾಣುತ್ತವೆ. ಸುಮಾರು ಒಂದು ದಿನದಲ್ಲಿ ಆ ಎಳೆಗಳು ಮಾಯವಾಗುತ್ತವೆ. ಆಯಸ್ಸು 120 ದಿನವಾದರೆ ಒಂದು ದಿನದ ಮಕ್ಕಳು ನೂರಕ್ಕೆ ಸುಮಾರು ಒಂದು ಇರಬೇಕು. ಹಾಗೆಯೇ ಇರುತ್ತದೆ! ನೂರಕ್ಕೆ ಐದು ಇದ್ದರೆ ಆಯಸ್ಸು ಸುಮಾರು 20 ದಿನ ಎಂದು ಅಂದಾಜು ಮಾಡಬಹುದು. ರಕ್ತ ತೀರ ಕಡಿಮೆಯಿದ್ದಾಗ ಎಳೆಯ ಕಣಗಳು ಬೇಗನೆ ಹೊರಬಂದು ಹೆಚ್ಚು ದಿನ ಹಾಗೆಯೇ ಉಳಿಯುವುದರಿಂದ ಲೆಕ್ಕವನ್ನು ತಿದ್ದಿಕೊಳ್ಳಬೇಕು. ಇದಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ, ಬಣ್ಣ ಮತ್ತು ಎಣಿಸುವ ತಾಳ್ಮೆ. ಜೊತೆಗೆ ಬಿಲಿರುಬಿನ್ ಪರೀಕ್ಷೆ ಮಾಡಿದರೆ ನಾಶದ ಸುಳಿವೂ ಸಿಗುತ್ತದೆ.

ಮತ್ತೆ ಆ ಹುಡುಗಿಯ ಬಳಿಗೆ ಬರೋಣ. ಎಳೆಯ ಕಣಗಳು ಕಡಿಮೆ ಇದ್ದರೆ ಮಜ್ಜೆಗೆ ಕಬ್ಬಿಣವೋ ಬೇರೇನೋ ಸಾಲದು. ಹೆಚ್ಚಿದ್ದರೆ ಮಜ್ಜೆ ದುಡಿಯುತ್ತಿದೆ, ಕಣಗಳು ಬೇಗ ಸಾಯುತ್ತಿವೆ. ಸತ್ತ ಕಣಗಳ ಕಬ್ಬಿಣ ಬಹುಮಟ್ಟಿಗೆ ಮೈಯಲ್ಲೇ ಉಳಿಯುವುದರಿಂದ ಬರಿಯ ಕಬ್ಬಿಣದ ಮಾತ್ರೆ ಅವಳಿಗೆ ಫಲ ಕೊಡಲಿಲ್ಲ. ಕಾರಣ ಹುಡುಕಬೇಕು.

ಇದು ನಮಗೆ ದೂರದ ಮಾತಲ್ಲ. ದಕ್ಷಿಣ ಭಾರತದಲ್ಲಿ ಸಿಕಲ್ ಸೆಲ್ ಗುಣ ಇರುವುದು 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಪತ್ತೆಯಾಯಿತು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಈ ರೋಗವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಇದರ ತಪಾಸಣೆಯ ಕೆಲಸ ಮಾಡಿದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನ ಅಭಿಯಾನವನ್ನು ಆರಂಭಿಸಿತು. 2047ರ ಒಳಗೆ ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಗುರಿ.

ಒಂದು ಎಚ್ಚರಿಕೆಯ ಮಾತು. ನಮ್ಮ ದೇಶದಲ್ಲಿ ರಕ್ತಹೀನತೆಗೆ ಕಬ್ಬಿಣದ ಕೊರತೆ ಈಗಲೂ ಬಹು ದೊಡ್ಡ ಕಾರಣ. ಈ ಲೇಖನ ಓದಿ ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಬಿಡಬೇಡಿ. ಆದರೆ ಮಾತ್ರೆ ತೆಗೆದುಕೊಂಡೂ ರಕ್ತ ಏರದಿದ್ದರೆ, ಕಣ್ಣು ಹಳದಿಯಾಗುತ್ತಿದ್ದರೆ, ಮನೆಯಲ್ಲಿ ಅಣ್ಣ ತಮ್ಮಂದಿರಿಗೋ ಸೋದರಮಾವನಿಗೋ ಇದೇ ತೊಂದರೆ ಇದ್ದರೆ, ಸುಮ್ಮನಿರಬೇಡಿ. ವೈದ್ಯರನ್ನು ಒಂದು ಪ್ರಶ್ನೆ ಕೇಳಿ: “ಡಾಕ್ಟರೇ, ಕಣಗಳು ಕಡಿಮೆ ಹುಟ್ಟುತ್ತಿವೆಯೋ, ಬೇಗ ಸಾಯುತ್ತಿವೆಯೋ?” ಆಶ್ಬಿ, ಶೆಮಿನ್ ಮೊದಲಾದವರು ವರ್ಷಗಟ್ಟಲೆ ಕಣ ಎಣಿಸಿ ನಮಗೆ ಬಿಟ್ಟುಹೋದದ್ದು ಈ ಪ್ರಶ್ನೆಯನ್ನು ಕೇಳುವ ಮತ್ತು ಅದಕ್ಕೆ ಉತ್ತರ ಪಡೆಯುವ ದಾರಿಯನ್ನು.